ಕೆನ್ನೆಯ ಜೀವಕೋಶ ಮತ್ತು ತಡವಾಗಿ ಬಂದ ಒಂದು ಉತ್ತರ



ಈ ಬಾರಿಯ ಬರಹ ವಿಜ್ಞಾನದ ಚರಿತ್ರೆಗೆ ಸಂಬಂಧಿಸಿದ್ದು. ಆದರೆ ಇದನ್ನು ಬರೆಯಲು ಕಾರಣವಾದದ್ದು ನಾನು ಅಧ್ಯಾಪಕನಾಗಿ ಮಾಡಿದ ಒಂದು ತಪ್ಪು. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

1986ರ ಮಳೆಗಾಲ. ಒಂಬತ್ತನೆಯ ತರಗತಿಯವರಿಗೆ ಕೆನ್ನೆಯ ಒಳಪೊರೆಯ ಜೀವಕೋಶವನ್ನು ತೋರಿಸುವ ಪ್ರಯೋಗ. ಹೊರಗೆ ಎಡೆಬಿಡದ ಮಳೆ. ಕಿಟಕಿಯ ಬೆಳಕು ಸಾಲದೆ ಸೂಕ್ಷ್ಮದರ್ಶಕದ ಕನ್ನಡಿಯನ್ನು ಅತ್ತಿತ್ತ ತಿರುಗಿಸುತ್ತಾ ಇದ್ದೆವು. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲನೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಒಂದು ಹನಿ ಮೆಥಿಲೀನ್ ಬ್ಲೂ ಹಾಕಿದಾಗ ನಸುನೀಲಿಯ ಬಯಲಿನ ನಡುವೆ ಕಡುನೀಲಿಯ ಬೊಟ್ಟಿನಂತೆ ಕೋಶಕೇಂದ್ರ ಕಾಣುತ್ತದೆ. ಎಲ್ಲರೂ ಸರದಿಯಲ್ಲಿ ನಿಂತು ನೋಡಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ನೋಡಿ ಮುಗಿಸಿದ ಮೇಲೂ ಕದಲಲಿಲ್ಲ. "ಸಾರ್, ಇದು ಈಗ ಬದುಕಿದೆಯೋ, ಸತ್ತಿದೆಯೋ? ಬಣ್ಣ ಹಾಕದೆ, ಬದುಕಿರುವಾಗಲೇ ಒಳಗಿರುವುದನ್ನು ನೋಡಲು ಆಗುವುದಿಲ್ಲವೇ?" ಎಂದು ಕೇಳಿದಳು.

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿ ನನಗಿರಲಿಲ್ಲ. "ಚಿತ್ರ ಬರೆದು ಭಾಗಗಳನ್ನು ಗುರುತಿಸಮ್ಮ, ಪರೀಕ್ಷೆಯಲ್ಲಿ ಅದನ್ನೆಲ್ಲ ಕೇಳುವುದಿಲ್ಲ" ಎಂದೆ. ತರಗತಿ ನಕ್ಕಿತು. ಆ ವರ್ಷ ಆಕೆ ನನ್ನನ್ನು ಮತ್ತೆ ಏನನ್ನೂ ಕೇಳಲಿಲ್ಲ.

ಈಗ ಅದಕ್ಕೆ ಉತ್ತರ ಬರೆಯಲು ಕುಳಿತಿದ್ದೇನೆ. ಅವಳ ಪ್ರಶ್ನೆ ಚಿಕ್ಕದಲ್ಲ. ನೂರಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ.

ಬಣ್ಣದಿಂದಲೇ ಆರಂಭಿಸೋಣ. ಮೆಥಿಲೀನ್ ಬ್ಲೂ ಮೂಲತಃ ಬಟ್ಟೆಗೆ ಹಾಕುವ ಬಣ್ಣ. 1876ರಲ್ಲಿ ಜರ್ಮನಿಯ ಹೈನ್ರಿಶ್ ಕಾರೊ ಅದನ್ನು ತಯಾರಿಸಿದರು. ಹತ್ತು ವರ್ಷಗಳ ಅನಂತರ, 1886ರಲ್ಲಿ, ಪಾಲ್ ಎರ್ಲಿಕ್ ಎಂಬ ವೈದ್ಯ ವಿಜ್ಞಾನಿ ಅದನ್ನು ಬದುಕಿರುವ ಪ್ರಾಣಿಯ ದೇಹಕ್ಕೆ ಸೇರಿಸಿದಾಗ ನರತಂತುಗಳ ತುದಿಗಳು ನೀಲಿಯಾಗಿ ಎದ್ದು ಕಂಡವು. ನಮ್ಮ ಪ್ರಯೋಗಶಾಲೆಯ ಆ ಮಳೆಗಾಲಕ್ಕೆ ಸರಿಯಾಗಿ ನೂರು ವರ್ಷ ಮೊದಲೇ ಹುಡುಗಿಯ ಪ್ರಶ್ನೆಯನ್ನು ಒಬ್ಬರು ಕೈಗೆತ್ತಿಕೊಂಡಿದ್ದರು, ಮತ್ತು ಅದು ನನಗೆ ಗೊತ್ತಿರಲಿಲ್ಲ! ಆದರೆ ಬಣ್ಣಕ್ಕೆ ಒಂದು ದೋಷವಿದೆ. ಅದು ತಾನು ಅಂಟಿಕೊಂಡದ್ದನ್ನು ಸುಮ್ಮನೆ ತೋರಿಸುವುದಿಲ್ಲ, ಅದರ ಬಾಳಿನಲ್ಲಿ ಕೈಹಾಕುತ್ತದೆ. ಇದನ್ನು ಎರ್ಲಿಕ್ಕರೇ ಗುಣವಾಗಿ ಬಳಸಿಕೊಂಡರು. ಮಲೇರಿಯದ ರೋಗಾಣು ಈ ನೀಲಿಯನ್ನು ಹೀರಿಕೊಳ್ಳುವುದಾದರೆ ನೀಲಿಯಿಂದಲೇ ಅದನ್ನು ಕೊಲ್ಲಬಹುದಲ್ಲವೇ ಎಂದು ಯೋಚಿಸಿ, 1891ರಲ್ಲಿ ಇಬ್ಬರು ಮಲೇರಿಯ ರೋಗಿಗಳಿಗೆ ಅದನ್ನು ಔಷಧವಾಗಿ ಕೊಟ್ಟರು.

ಮಲೇರಿಯ ಎಂದಾಗ ನಮ್ಮ ಕೊಡಗಿನ ಹಿರಿಯರಿಗೆ ವಿವರಣೆ ಬೇಡ. ರಾಷ್ಟ್ರೀಯ ಮಲೇರಿಯ ನಿರ್ಮೂಲನ ಕಾರ್ಯಕ್ರಮ 1958ರಲ್ಲಿ ಆರಂಭವಾಯಿತು. ನಾನು ಚಿಕ್ಕವನಾಗಿದ್ದಾಗ ಆರೋಗ್ಯ ಇಲಾಖೆಯವರು ತೋಟದ ಲೈನುಮನೆಗಳಿಗೂ ನಮ್ಮ ಮನೆಗೂ ಬಂದು, ಜ್ವರ ಬಂದವರ ಬೆರಳ ತುದಿಗೆ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಹೋಗುತ್ತಿದ್ದರು. ಆ ರಕ್ತಲೇಪವನ್ನು ಒಣಗಿಸಿ, ಮೆಥಿಲೀನ್ ಬ್ಲೂವಿನ ಬಂಧುವಾದ ಜಿಮ್ಸಾ ಬಣ್ಣವನ್ನು ಹಾಕಿದರೆ ರೋಗಾಣು ಕಾಣುತ್ತದೆ. ಲಕ್ಷಾಂತರ ಜನರ ಜೀವ ಉಳಿಸಿದ ವಿದ್ಯೆಯದು. ಆದರೂ ಆ ಗಾಜಿನ ಮೇಲೆ ಕಾಣುವುದು ರೋಗಾಣುವಿನ ಶವ. ಅದು ಹೇಗೆ ಚಲಿಸಿತು, ಏನನ್ನು ತಿಂದಿತು ಎಂಬುದನ್ನು ಶವ ಹೇಳುವುದಿಲ್ಲ.

ಕೊಲ್ಲದೆ ಗುರುತು ಹಾಕುವ ಬೇರೊಂದು ದಾರಿಯನ್ನು 1923ರಲ್ಲಿ ಹಂಗೇರಿಯ ಜಾರ್ಜ್ ಹೆವೆಶಿ ತೋರಿಸಿದರು. ವಿಕಿರಣ ಸೂಸುವ ಸೀಸದ ಲವಣವನ್ನು ನೀರಿನಲ್ಲಿ ಕರಗಿಸಿ ಅವರೆಯ ಜಾತಿಯ ಗಿಡಗಳಿಗೆ ಕುಡಿಸಿ, ಬೇರಿಗೆಷ್ಟು, ಕಾಂಡಕ್ಕೆಷ್ಟು ಹೋಯಿತೆಂದು ಅಳೆದರು. ವಿಕಿರಣ ಪರಮಾಣು ತನ್ನ ಸಾಧಾರಣ ಬಂಧುವಿನಂತೆಯೇ ನಡೆದುಕೊಳ್ಳುವುದರಿಂದ ಗಿಡಕ್ಕೆ ವ್ಯತ್ಯಾಸ ತಿಳಿಯದು. ಈ ವಿಧಾನಕ್ಕಾಗಿ ಅವರಿಗೆ 1943ರ ನೊಬೆಲ್ ಬಹುಮಾನ ಸಂದಿತು. ಆದರೆ ಬದುಕಿರುವ ಒಂದೇ ಒಂದು ಜೀವಕೋಶದ ಯಾವ ಮೂಲೆಯಲ್ಲಿ ಯಾವ ಅಣು ಇದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದು ಈ ವಿಧಾನಕ್ಕೆ ಸುಲಭವಲ್ಲ.

ಮೂರನೆಯ ದಾರಿ ಸಮುದ್ರದಿಂದ ಬಂತು. 1962ರಲ್ಲಿ ಜಪಾನಿನ ಒಸಾಮು ಶಿಮೊಮುರ ಅಮೆರಿಕದ ಪಶ್ಚಿಮ ತೀರದ ಒಂದು ಅಂಬಲಿ ಮೀನಿನಿಂದ ಹಸಿರು ಬೆಳಕು ಸೂಸುವ ಪ್ರೋಟೀನನ್ನು ಬೇರ್ಪಡಿಸಿದ ವಿಷಯವನ್ನು ವರದಿ ಮಾಡಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದರ ಜೀನನ್ನು ಬೇರೆ ಜೀವಿಯಲ್ಲಿ ಸೇರಿಸಿ, ಬದುಕಿರುವ ಹುಳುವಿನ ನರಕೋಶಗಳನ್ನೇ ಹೊಳೆಯಿಸಿದರು. ರೋಜರ್ ಚಿಯೆನ್ ಅದಕ್ಕೆ ಹಲವು ಬಣ್ಣಗಳನ್ನು ಕೊಟ್ಟರು. ಮೂವರಿಗೂ 2008ರಲ್ಲಿ ನೊಬೆಲ್ ಬಂತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ನಾಗರಹೊಳೆ. ಡಾ. ಉಲ್ಲಾಸ ಕಾರಂತರು 1990ರ ಸುಮಾರಿಗೆ ಅಲ್ಲಿ ಹುಲಿಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅವುಗಳ ಓಡಾಟವನ್ನು ಅಭ್ಯಸಿಸಿದರು. ಈಚಿನ ವರ್ಷಗಳಲ್ಲಿ ಕಾಫಿತೋಟಗಳಿಗೆ ಬರುವ ಆನೆಗಳಿಗೂ ಅರಣ್ಯ ಇಲಾಖೆ ಇಂತಹ ಪಟ್ಟಿ ಹಾಕಿರುವುದನ್ನು ನೀವೆಲ್ಲ ಬಲ್ಲಿರಿ. ಹಸಿರು ಪ್ರೋಟೀನ್ ಎಂದರೆ ಅಣುವಿನ ಕೊರಳಿಗೆ ಕಟ್ಟಿದ ರೇಡಿಯೊ ಪಟ್ಟಿ. ಆದರೆ ಆನೆಗೆ ಹಗುರವಾದ ಪಟ್ಟಿಯನ್ನು ಇಲಿಗೆ ಕಟ್ಟಿದರೆ ಇಲಿ ನಡೆಯಲಾರದು. ಆ ಪ್ರೋಟೀನಿನಲ್ಲಿ 238 ಅಮೈನೋ ಆಮ್ಲಗಳಿವೆ. ಒಂದು ಸಕ್ಕರೆಯ ಅಣುವಿನ ಮುಂದೆ ಅದು ಪರ್ವತ. ಇನ್ನೂ ಒಂದು ತೊಡಕು: ಈ ಪಟ್ಟಿಯನ್ನು ಜೀನಿನ ಮೂಲಕ ಕಟ್ಟಬೇಕು. ಪ್ರೋಟೀನುಗಳಿಗೆ ನೇರವಾಗಿ ಜೀನಿನ ಬರಹವಿದೆ. ಸಕ್ಕರೆಗಳಿಗೂ ಕೊಬ್ಬುಗಳಿಗೂ ಅದಿಲ್ಲ.

ಸಕ್ಕರೆಯ ಮಾತೇಕೆ ಬಂತು ಎನ್ನುವಿರಾ? ಮಳೆಗಾಲದಲ್ಲಿ ತೋಟದ ನೆರಳುಮರದ ಕಾಂಡವನ್ನು ನೋಡಿದ್ದೀರಿ. ತೊಗಟೆಯೇ ಕಾಣದಂತೆ ಪಾಚಿ, ಸೀತಾಳೆ, ಸಣ್ಣ ಜರೀಗಿಡಗಳು ಮುಚ್ಚಿಕೊಂಡಿರುತ್ತವೆ. ನಮ್ಮ ಪ್ರತಿಯೊಂದು ಜೀವಕೋಶವೂ ಹಾಗೆಯೇ ಸಕ್ಕರೆಯ ಸರಪಳಿಗಳನ್ನು ಹೊದ್ದುಕೊಂಡಿದೆ. ಒಂದು ಕೋಶ ಇನ್ನೊಂದನ್ನು ಗುರುತಿಸುವುದೂ, ಹಲವು ವೈರಸ್ಸುಗಳು ಒಳನುಗ್ಗಲು ಹಿಡಿತ ಪಡೆಯುವುದೂ ಇಲ್ಲಿಯೇ. ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಅನೇಕ ಕ್ಯಾನ್ಸರ್ ಕೋಶಗಳ ಮೇಲೆ ಸಾಧಾರಣಕ್ಕಿಂತ ಹೆಚ್ಚಾಗಿರುತ್ತದೆ. ಇಷ್ಟು ಮುಖ್ಯವಾದ ಹೊದಿಕೆಯನ್ನು ಬದುಕಿರುವಾಗ ಕಾಣುವ ಉಪಾಯವಿರಲಿಲ್ಲ.

ಈ ತೊಡಕನ್ನು ಬಿಡಿಸಲು ಹೊರಟವರು ಅಮೆರಿಕದ ಬರ್ಕ್ಲಿಯಲ್ಲಿದ್ದ ರಸಾಯನ ವಿಜ್ಞಾನಿ ಕ್ಯಾರೊಲಿನ್ ಬರ್ಟೋಜಿ. ಅವರ ಯೋಚನೆಯನ್ನು ನಮ್ಮ ಸಂತೆಯ ಉದಾಹರಣೆಯಿಂದ ವಿವರಿಸುತ್ತೇನೆ. ಸಂತೆಯಲ್ಲಿ ಸಾವಿರ ಜನ. ಎಲ್ಲರೂ ಎಲ್ಲರನ್ನೂ ಮಾತನಾಡಿಸುತ್ತಾರೆ, ಚೌಕಾಸಿ ಮಾಡುತ್ತಾರೆ, ಕೈಹಿಡಿದು ಎಳೆಯುತ್ತಾರೆ. ಆ ಗದ್ದಲದಲ್ಲಿ ಇಬ್ಬರು ಮಾತ್ರ ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕು; ದಾರಿಯಲ್ಲಿ ಬೇರೆ ಯಾರೊಡನೆಯೂ ಮಾತಿಗೆ ನಿಲ್ಲಬಾರದು; ಅವರಿಂದ ಸಂತೆಯ ವ್ಯಾಪಾರಕ್ಕೆ ಅಡ್ಡಿಯಾಗಬಾರದು. ಜೀವಕೋಶದ ಒಳಗೂ ಇದೇ ಗದ್ದಲ. ನೀರಿದೆ, ಆಮ್ಲಜನಕವಿದೆ, ಎಲ್ಲದಕ್ಕೂ ಕೈಚಾಚುವ ಸಾವಿರಾರು ಬಗೆಯ ಅಣುಗಳಿವೆ. ಶಾಖ 37 ಡಿಗ್ರಿ. ಪ್ರನಾಳವನ್ನು ಬುನ್ಸನ್ ದೀಪದ ಮೇಲೆ ಹಿಡಿಯುವ ಹಾಗಿಲ್ಲ. ಇಂತಹ ಕಡೆ ತಮ್ಮಿಬ್ಬರಲ್ಲೇ ಕೂಡಿಕೊಂಡು ಉಳಿದೆಲ್ಲದರ ಪಾಲಿಗೆ ತಟಸ್ಥವಾಗಿರುವ ಜೋಡಿ ಬೇಕು. ಇಂತಹ ಕ್ರಿಯೆಗೆ ಬರ್ಟೋಜಿಯವರ ಬಳಗ 2003ರಲ್ಲಿ 'ಬಯೋಆರ್ಥೋಗನಲ್' ಎಂಬ ಹೆಸರನ್ನು ಬಳಕೆಗೆ ತಂದಿತು. ಆರ್ಥೋಗನಲ್ ಎಂದರೆ ಲಂಬವಾದದ್ದು. ರೇಖಾಗಣಿತದಲ್ಲಿ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಒಂದರ ಚಲನೆ ಇನ್ನೊಂದನ್ನು ಬಾಧಿಸುವುದಿಲ್ಲ. ಕನ್ನಡದಲ್ಲಿ 'ಜೀವತಟಸ್ಥ ಕ್ರಿಯೆ' ಎನ್ನಬಹುದೆಂದು ನನಗೆ ತೋರುತ್ತದೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಬರೆದು ತಿಳಿಸಿ.

ಜೋಡಿಯಲ್ಲಿ ಮೊದಲನೆಯದಾಗಿ ಅವರು ಆರಿಸಿದ್ದು ಅಜೈಡ್. ಸಾಲಾಗಿ ನಿಂತ ಮೂರೇ ಮೂರು ಸಾರಜನಕ ಪರಮಾಣುಗಳು. ಪಟ್ಟಿಯಲ್ಲ, ಕಿವಿಯ ಓಲೆಯಷ್ಟೇ ಭಾರ! ನಮ್ಮ ದೇಹದ ಅಣುಗಳಲ್ಲಿ ಅದು ಇಲ್ಲವಾದ್ದರಿಂದ ಅದರ ಗುರುತು ತಿಳಿದವರೂ ಅಲ್ಲಿ ಇಲ್ಲ. ಅಜೈಡ್ ಕಟ್ಟಿದ ಸಕ್ಕರೆಯನ್ನು ಕೋಶಕ್ಕೆ ಉಣಿಸಿದರೆ, ಕೋಶ ಅದನ್ನು ತನ್ನ ಸಕ್ಕರೆಯೆಂದೇ ತಿಳಿದು ಸಿಯಾಲಿಕ್ ಆಮ್ಲವಾಗಿ ಮಾರ್ಪಡಿಸಿ ಹೊದಿಕೆಯಲ್ಲಿ ನೆಯ್ದುಕೊಳ್ಳುತ್ತದೆ. ಇನ್ನು ಬೇಕಾದದ್ದು ಆ ಓಲೆಯನ್ನು ಮಾತ್ರ ಹುಡುಕಿ ಹಿಡಿಯುವ ಸಂಗಾತಿ.

ಆ ಸಂಗಾತಿ ಸಿಕ್ಕಿದ್ದು 1919ರ ಒಂದು ಪ್ರಬಂಧದಲ್ಲಿ. ಹರ್ಮನ್ ಸ್ಟಾಡಿಂಜರ್ ಎಂಬ ಜರ್ಮನ್ ವಿಜ್ಞಾನಿ ಆಗ ಜ್ಯೂರಿಕ್‌ನಲ್ಲಿದ್ದರು. ಅಜೈಡ್ ಮತ್ತು ಫಾಸ್ಫೀನ್ ಎಂಬ ರಂಜಕದ ಸಂಯುಕ್ತ ಪರಸ್ಪರ ವರ್ತಿಸುವುದನ್ನು ಅವರೂ ಅವರ ಸಹೋದ್ಯೋಗಿ ಮೇಯರ್ ಅವರೂ ಕಂಡಿದ್ದರು. ಆದರೆ ನೀರಿದ್ದಲ್ಲಿ ಆ ಜೋಡಿ ಕೂಡಿದ ಕೂಡಲೇ ಬೇರ್ಪಡುತ್ತದೆ. ಬರ್ಟೋಜಿ ಮತ್ತು ಅವರ ವಿದ್ಯಾರ್ಥಿನಿ ಎಲಿಯಾನಾ ಸ್ಯಾಕ್ಸನ್ ರಂಜಕದ ಪಕ್ಕದಲ್ಲಿ ಎಸ್ಟರಿನ ಒಂದು ಕೊಕ್ಕೆಯನ್ನು ಜೋಡಿಸಿದರು. ಕೂಡಿದವರು ಬೇರ್ಪಡುವ ಮೊದಲೇ ಕೊಕ್ಕೆ ಬಿದ್ದು ಭದ್ರವಾದ ಬಂಧ ಏರ್ಪಡುತ್ತದೆ. 2000ನೆಯ ಇಸವಿಯಲ್ಲಿ ಇದು ಪ್ರಕಟವಾಯಿತು. ಎಂಬತ್ತು ವರ್ಷ ಪುಸ್ತಕದ ಕಪಾಟಿನಲ್ಲಿ ಕುಳಿತಿದ್ದ ಕ್ರಿಯೆಯೊಂದು ಜೀವಕೋಶದ ಬಾಗಿಲಿಗೆ ಬಂದು ನಿಂತಿತು.

ಆದರೂ ಕೊರತೆಯಿತ್ತು. ಫಾಸ್ಫೀನಿಗೆ ಗಾಳಿ ತಾಗಿದರೆ ಕೆಡುತ್ತದೆ, ಕ್ರಿಯೆಯೂ ನಿಧಾನ. ಇದೇ ಹೊತ್ತಿಗೆ, 2002ರಲ್ಲಿ, ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಮತ್ತು ಡೆನ್ಮಾರ್ಕಿನ ಮಾರ್ಟೆನ್ ಮೆಲ್ಡಾಲ್ ಬೇರೆ ಬೇರೆಯಾಗಿ ಒಂದು ಸಂಗತಿಯನ್ನು ಪ್ರಕಟಿಸಿದರು. ಅಜೈಡನ್ನು ಆಲ್ಕೈನ್ ಎಂಬ ತ್ರಿಬಂಧದ ಇಂಗಾಲ ಸಂಯುಕ್ತದೊಡನೆ ಸೇರಿಸಿ, ತುಸು ತಾಮ್ರವನ್ನು ಕ್ರಿಯಾವರ್ಧಕವಾಗಿ ಹಾಕಿದರೆ ಅವೆರಡೂ ತಟ್ಟನೆ ಕೂಡಿಕೊಳ್ಳುತ್ತವೆ. ರಿಕಾಪಟ್ಟಿಯ ಕೊಂಡಿ ಸಿಕ್ಕಿಕೊಂಡಂತೆ. 'ಕ್ಲಿಕ್' ರಸಾಯನ ವಿಜ್ಞಾನ ಎಂದು ಪ್ರಸಿದ್ಧವಾದದ್ದರ ಮುಕುಟಮಣಿ ಇದು.

ಹಾಗಾದರೆ ಸಮಸ್ಯೆ ಮುಗಿಯಿತೇ? ಕಾಫಿ ಬೆಳೆಗಾರರ ಮಕ್ಕಳು ಇದಕ್ಕೆ ತಾವೇ ಉತ್ತರ ಹೇಳಬಲ್ಲರು. ಮಳೆಗೆ ಮುನ್ನ ಕಾಫಿಯ ಎಲೆತುಕ್ಕಿಗೂ ಮೆಣಸಿನ ಬಳ್ಳಿಯ ಸೊರಗುರೋಗಕ್ಕೂ ನಾವು ಸಿಂಪಡಿಸುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ; ಶಿಲೀಂಧ್ರವನ್ನು ಕೊಲ್ಲುವುದು ಅದೇ. ಸುಣ್ಣ ಕಡಮೆಯಾದರೆ ಎಲೆಯೂ ಸುಡುತ್ತದೆಂದು, ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಕೆಂಪು ಹಿಡಿಯುತ್ತದೆಯೋ ಎಂದು ನನ್ನ ತಂದೆಯವರು ಪರೀಕ್ಷಿಸುತ್ತಿದ್ದರು. ಶಿಲೀಂಧ್ರಕ್ಕೆ ವಿಷವಾದ ತಾಮ್ರ ನಮ್ಮ ಜೀವಕೋಶಕ್ಕೂ ಹಿತವಲ್ಲ. ತಾಮ್ರ ಹಾಕಿ ಗುರುತು ಮಾಡಿದರೆ ಮತ್ತೆ ಶವವನ್ನೇ ನೋಡಿದ ಹಾಗೆ.

ಪರಿಹಾರ ಇನ್ನೊಂದು ಹಳೆಯ ಪ್ರಬಂಧದಲ್ಲಿತ್ತು. ತ್ರಿಬಂಧದ ಇಂಗಾಲಗಳು ನೇರ ಸಾಲಿನಲ್ಲಿ ನಿಲ್ಲಲು ಬಯಸುತ್ತವೆ. ಅವುಗಳನ್ನು ಎಂಟು ಇಂಗಾಲಗಳ ಬಳೆಯೊಳಗೆ ಕೂರಿಸಿದರೆ, ಬಗ್ಗಿಸಿ ಕಟ್ಟಿದ ಬಿದಿರಿನಂತೆ ಸೆಟೆದುಕೊಂಡಿರುತ್ತವೆ, ಬಿಡುಗಡೆಗೆ ಕಾಯುತ್ತವೆ. ಇಂತಹ ಸೈಕ್ಲೋಆಕ್ಟೈನ್ ಒಂದು ಅಜೈಡಿನೊಡನೆ ಸ್ಫೋಟದಂತೆ ಕೂಡಿಕೊಂಡಿತೆಂದು 1961ರಲ್ಲಿ ಜರ್ಮನಿಯ ವಿಟಿಗ್ ಮತ್ತು ಕ್ರೆಬ್ಸ್ ಬರೆದಿದ್ದರು. ಬಗ್ಗಿಸಿದ ಬಿದಿರಿನ ಬಲವೇ ಸಾಕು, ತಾಮ್ರ ಬೇಡ! 2004ರಲ್ಲಿ ಬರ್ಟೋಜಿಯವರ ಬಳಗ ಇದನ್ನು ಬದುಕಿರುವ ಕೋಶಗಳ ಮೇಲೆ ಮಾಡಿ ತೋರಿಸಿತು. ಬಳೆಗೆ ಫ್ಲೋರಿನ್ ಪರಮಾಣುಗಳನ್ನು ಸೇರಿಸಿ 2007ರಲ್ಲಿ ಕ್ರಿಯೆಯ ವೇಗವನ್ನು ಹೆಚ್ಚಿಸಿತು. 2008ರಲ್ಲಿ ಬೆಳೆಯುತ್ತಿರುವ ಪುಟ್ಟ ಮೀನಿನ ಭ್ರೂಣದಲ್ಲಿ ಮೊದಲು ಹುಟ್ಟಿದ ಸಕ್ಕರೆಗೆ ಒಂದು ಬಣ್ಣ, ಕೆಲವು ಗಂಟೆಗಳ ಅನಂತರ ಹುಟ್ಟಿದ ಸಕ್ಕರೆಗೆ ಇನ್ನೊಂದು ಬಣ್ಣ ಕೊಟ್ಟು ತೋರಿಸಿತು. ಮೀನು ಸಾಯಲಿಲ್ಲ; ತನ್ನ ಪಾಡಿಗೆ ತಾನು ಬೆಳೆಯಿತು.

ಆ ಮೀನು ಜೀಬ್ರಾ ಮೀನು. ನಮ್ಮ ಭಾರತ ಉಪಖಂಡದ ತೊರೆಗಳ ಮತ್ತು ಗದ್ದೆಯ ನೀರಿನ ನಿವಾಸಿ. ಅದನ್ನು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಅವರ ಮೊದಲಿನ ಹೆಸರು ಬುಕನನ್. ಶ್ರೀರಂಗಪಟ್ಟಣದ ಪತನದ ಅನಂತರ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿ ಪ್ರವಾಸಕಥನ ಬರೆದ ಅದೇ ಬುಕನನ್! ಸಮಾಜ ಪಾಠದ ಬುಕನನ್‌ನೂ ವಿಜ್ಞಾನ ಪಾಠದ ಮೀನೂ ಹೀಗೆ ಒಂದೆಡೆ ಸೇರುವುದನ್ನು ಕಂಡು ನಾನು ಒಬ್ಬನೇ ನಕ್ಕೆ.

ನಮ್ಮ ನಾಡಿನಲ್ಲಿ ಏನಾಯಿತು? ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣ ಎಂದರೆ ಕೃಷಿ ವಿಶ್ವವಿದ್ಯಾನಿಲಯವೆಂದು ನಮ್ಮವರಿಗೆ ಪರಿಚಯ. ಅಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ. 1998ರಲ್ಲಿ ಅಲ್ಲಿನ ರಜತ್ ವರ್ಮ ಮತ್ತು ಸತ್ಯಜಿತ್ ಮೇಯರ್, ಫೋಲೇಟ್ ಎಂಬ ಜೀವಸತ್ವದ ಹೊಳೆಯುವ ರೂಪವನ್ನು ಬಳಸಿ, ಬದುಕಿರುವ ಕೋಶದ ಹೊರಪೊರೆಯಲ್ಲಿ ಕೆಲವು ಪ್ರೋಟೀನುಗಳು 70 ನ್ಯಾನೊಮೀಟರಿಗಿಂತ ಚಿಕ್ಕ ಗುಂಪುಗಳಾಗಿ ಇರುವುದನ್ನು ಕಂಡುಹಿಡಿದರು. ಅದೇ ಕೇಂದ್ರದಲ್ಲಿ 2009ರಲ್ಲಿ ಯಮುನಾ ಕೃಷ್ಣನ್ ಅವರ ಬಳಗ ಡಿ.ಎನ್.ಎ. ಎಳೆಗಳಿಂದಲೇ ಒಂದು ಪುಟ್ಟ ಯಂತ್ರವನ್ನು ಹೆಣೆದು, ಬದುಕಿರುವ ಕೋಶದ ಒಳಗಿನ ಆಮ್ಲೀಯತೆಯನ್ನು ಅಳೆಯಿತು. 2011ರಲ್ಲಿ ಬದುಕಿರುವ ಹುಳುವಿನ ಒಳಗೂ ಅಳೆಯಿತು. ಕಟ್ಟುನಿಟ್ಟಾಗಿ ಹೇಳಿದರೆ ಇವು ಬರ್ಟೋಜಿಯವರ ಬಗೆಯ ಕ್ರಿಯೆಗಳಲ್ಲ, ಬೇರೆ ಉಪಾಯಗಳು. ಆದರೆ ಉತ್ತರಿಸಲು ಹೊರಟದ್ದು ಅದೇ ಪ್ರಶ್ನೆಗೆ: ಬದುಕಿರುವುದನ್ನು ಬದುಕಿರುವಂತೆಯೇ ಕಾಣುವುದು ಹೇಗೆ? ಆ ಪ್ರಶ್ನೆಯನ್ನು ನಾನು ಗದರಿಸಿ ಕೂರಿಸಿದ್ದು ಕೇವಲ ಹನ್ನೆರಡು ವರ್ಷ ಹಿಂದೆ.

2022ರ ಅಕ್ಟೋಬರ್ 5ರಂದು ಬರ್ಟೋಜಿ, ಮೆಲ್ಡಾಲ್ ಮತ್ತು ಶಾರ್ಪ್‌ಲೆಸ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಘೋಷಣೆಯಾಯಿತು. ಕಾವೇರಿ ಸಂಕ್ರಮಣಕ್ಕೆ ಹನ್ನೆರಡು ದಿನ ಉಳಿದಿದ್ದವು. ಮರುದಿನ ಪತ್ರಿಕೆ ಓದುತ್ತಾ ಕುಳಿತಿದ್ದಾಗ ಆ ಹುಡುಗಿಯ ಮುಖ ನೆನಪಾಯಿತು. ಅವಳ ಸಹಪಾಠಿಯೊಬ್ಬನಿಂದ ದೂರವಾಣಿ ಸಂಖ್ಯೆ ಪಡೆದು ಮಾತನಾಡಿದೆ. ಆಕೆಗೆ ಈಗ ಐವತ್ತು ದಾಟಿದೆ. ಹಿಂದಿನ ವರ್ಷ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದಳಂತೆ. ನನಗೆ ಅದೊಂದೂ ತಿಳಿದಿರಲಿಲ್ಲ.

ತಪ್ಪೊಪ್ಪಿಕೊಂಡೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನನಗೂ ನೆನಪಿದೆ. ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಮಾಡುವ ಮೊದಲು ನರಕ್ಕೆ ಒಂದು ಔಷಧ ಕೊಟ್ಟರು. ಅದೇನೆಂದು ಕೇಳಿದೆ. ಗುರುತು ಹಾಕಿದ ಸಕ್ಕರೆ ಎಂದರು. ಆವತ್ತು ನಿಮ್ಮನ್ನು ಕೇಳಿದ್ದು ಇದನ್ನೇ ಅಲ್ಲವೇ ಅನಿಸಿತು" ಎಂದಳು.

ಅವಳು ಹೇಳಿದ್ದು ಸರಿ. ಆ ಸಕ್ಕರೆಯಲ್ಲಿ ಫ್ಲೋರಿನ್-18 ಎಂಬ ವಿಕಿರಣ ಪರಮಾಣುವಿರುತ್ತದೆ. ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಗ್ಲೂಕೋಸೆಂದು ನುಂಗುತ್ತವೆ, ಆದರೆ ಅರಗಿಸಲಾರದೆ ಒಳಗೇ ಇಟ್ಟುಕೊಳ್ಳುತ್ತವೆ. ಹೊರಗಿನ ಯಂತ್ರ ಅವುಗಳ ಸ್ಥಳವನ್ನು ಕಾಣುತ್ತದೆ. ಸುಮಾರು 110 ನಿಮಿಷಗಳಿಗೊಮ್ಮೆ ಅದರ ವಿಕಿರಣ ಅರ್ಧವಾಗುತ್ತದೆ. ಇದು ಹೆವೆಶಿಯವರ ಅವರೆಗಿಡದ ವಂಶದ ವಿದ್ಯೆ. ಬರ್ಟೋಜಿಯವರ ವಂಶದ ಕ್ರಿಯೆಯೊಂದನ್ನು ಬಳಸಿ, ಗಡ್ಡೆಯಿರುವಲ್ಲಿ ಮಾತ್ರ ಕ್ಯಾನ್ಸರ್ ಔಷಧವನ್ನು ಎಚ್ಚರಿಸುವ ಚಿಕಿತ್ಸೆಯನ್ನು 2020ರಲ್ಲಿ ಮೊದಲ ಬಾರಿಗೆ ಮನುಷ್ಯರ ಮೇಲೆ ಪರೀಕ್ಷಿಸಲು ಆರಂಭಿಸಿದರು. ಇನ್ನೂ ಪರೀಕ್ಷೆಯ ಮಾತು. ಆಸೆ ಹುಟ್ಟಿಸಿ ಮೋಸಮಾಡಬಾರದೆಂದು ಇಷ್ಟೇ ಹೇಳುತ್ತೇನೆ.

1919ರ ಕ್ರಿಯೆ 2000ದವರೆಗೆ ಕಾಯಿತು. 1961ರದ್ದು 2004ರವರೆಗೆ ಕಾಯಿತು. ಅವುಗಳನ್ನು ಬರೆದಿಟ್ಟವರಿಗೆ ಉಪಯೋಗ ತಿಳಿದಿರಲಿಲ್ಲ. ಆದರೂ ಪ್ರಾಮಾಣಿಕವಾಗಿ ಬರೆದಿಟ್ಟರು. ಆದ್ದರಿಂದಲೇ ಮುಂದಿನವರಿಗೆ ಸಿಕ್ಕಿದವು. ನಾನು ಅಂದು ಮಾಡಬೇಕಾಗಿದ್ದುದೂ ಅಷ್ಟೇ. ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, "ನನಗೆ ತಿಳಿಯದು, ಹುಡುಕೋಣ" ಎಂದಿದ್ದರೆ ಸಾಕಾಗಿತ್ತು.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ. ಉಳಿದವರು ತಂದೆತಾಯಿಗಳು, ಅಜ್ಜ ಅಜ್ಜಿಯರು. ಮಕ್ಕಳು ಪಾಠದಲ್ಲಿಲ್ಲದ್ದನ್ನು ಕೇಳಿದಾಗ ನನ್ನನ್ನು ನೆನೆಯಿರಿ, ನಾನು ಮಾಡಿದಂತೆ ಮಾಡಬೇಡಿ. ಆಕೆ ಈಗ ಚೇತರಿಸಿಕೊಂಡು ತೋಟದ ಕೆಲಸ ನೋಡಿಕೊಳ್ಳುತ್ತಿದ್ದಾಳೆ. ಈ ಬರಹವನ್ನು ಪ್ರಕಟಿಸುವ ಮೊದಲು ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಎಲ್ಲ ಕೇಳಿ ಅವಳು ಇನ್ನೊಂದು ಪ್ರಶ್ನೆ ಹಾಕಿದ್ದಾಳೆ: "ಸಾರ್, ಆ ಅಜೈಡ್ ತಿಂದ ಕೋಶಕ್ಕೆ ತನ್ನ ಮೇಲೆ ಗುರುತಿದೆಯೆಂದು ನಿಜವಾಗಿಯೂ ಗೊತ್ತಾಗುವುದಿಲ್ಲವೇ?"

ನನಗೆ ತಿಳಿಯದು. ಹುಡುಕುತ್ತಿದ್ದೇನೆ.